ಕಳೆಯಬೇಕಾದ ಎರಡು ಇಂಚು

"ನಿಮಗೆ ಹನ್ನೊಂದು ಪತ್ರ ಬರೆದಿದ್ದೀನಿ. ಒಂದಕ್ಕೂ ಉತ್ತರ ಇಲ್ಲ. ಬೇಡ ಅನ್ನೋದಾದ್ರೆ ಈ ಹುಡುಗಿ ಮುಖ ನೋಡಿ ಬೇಡ ಅಂತಾದ್ರೂ ಹೇಳಿ."

ಲೋರ್ನಾ ವೊಂಡ್ರಾ ಅವನ ದಾರಿಗೆ ಅಡ್ಡವಾಗಿ ನಿಂತಿದ್ದಳು. ಅವನ ನೇರಳೆ ಅಂಗಿಯ ಎದೆಯ ಮೇಲೆ 'ಕೂಲ್ಟರ್ ಸ್ಟೇಟ್ ವಾಲಿಬಾಲ್' ಎಂದು ಕಸೂತಿ ಹಾಕಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಅವನ ಹೆಸರು: ವೆಸ್ ಡಾಲ್‌ಬರ್ಗ್, ಸಹಾಯಕ ಕೋಚ್.

ಅವನು ಲೋರ್ನಾಳನ್ನು ನೋಡಿದ. ಅವಳ ಪಕ್ಕದಲ್ಲಿ ಬೆವರಿಳಿಸಿಕೊಂಡು ನಿಂತಿದ್ದ ಹದಿನೇಳರ ಜೋಸಿಯನ್ನು ನೋಡಿದ. ಏನೋ ಹೇಳುವವನಂತೆ ಬಾಯಿ ತೆರೆದ. ಮುಚ್ಚಿದ. ತಲೆಯನ್ನು ಒಂದಿಷ್ಟು ಬಾಗಿಸಿ, ಪಕ್ಕಕ್ಕೆ ಸರಿದು, ಜನರ ನಡುವೆ ನಡೆದುಹೋದ.

ಬೆಳಗ್ಗೆಯಿಂದಲೂ ಲೋರ್ನಾಗೆ ವಾಕರಿಕೆ ಬರುತ್ತಿತ್ತು. ಕಾನ್ಸಾಸ್ ಸಿಟಿಯ ಆ ಸಭಾಭವನದಲ್ಲಿ ಪಂದ್ಯಾವಳಿಗೆಂದು ಕಟ್ಟಿದ ನಲವತ್ತು ನೆಟ್‌ಗಳು. ಒದ್ದೆ ಮೊಣಕಾಲು ಪಟ್ಟಿಗಳ ನಾತ, ಕೂದಲಿಗೆ ಹೊಡೆದ ಸ್ಪ್ರೇ, ಕರಗಿದ ಚೀಸ್, ಎಲ್ಲ ಸೇರಿ ಒಂದೇ ವಾಸನೆಯಾಗಿ ಗಂಟಲಲ್ಲಿ ಕೂತಿತ್ತು. ನೂರಾರು ಹುಡುಗಿಯರು, ಬೆನ್ನ ಮೇಲೆ ನಂಬರು. ಗೋಡೆಯುದ್ದಕ್ಕೂ ಮಡಿಸುವ ಕುರ್ಚಿಗಳಲ್ಲಿ ಕೂತ ಕಾಲೇಜುಗಳ ಕೋಚ್‌ಗಳು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, ನಂಬರುಗಳ ಮುಂದೆ ಗೀಟು ಎಳೆಯುತ್ತಿದ್ದರು. ಯಾರ ಬಾಯಲ್ಲೂ ಹೆಸರಿಲ್ಲ. 'ಹದಿನಾಲ್ಕು ಕುಳ್ಳಿ.' 'ಇಪ್ಪತ್ತರ ಸೊಂಟ ಭಾರ.' ಅಷ್ಟೇ.

ಡ್ರೈ ಫೋರ್ಕ್ ಊರಿನ ಹರಾಜು ಕಟ್ಟೆಯಲ್ಲಿ ಪ್ರತಿ ಬುಧವಾರ ಕರುಗಳನ್ನು ಹೀಗೇ ನೋಡುತ್ತಾರೆ. ಆದರೆ ಅಲ್ಲಿ ಕರುಗಳಿಗೆ ಮಾತು ತಿಳಿಯುವುದಿಲ್ಲ.

"ಬಿಡಿ ಮಿಸ್," ಎಂದಳು ಜೋಸಿ, ಮೊಣಕಾಲು ಪಟ್ಟಿಯನ್ನು ಮೇಲೆಳೆದುಕೊಳ್ಳುತ್ತಾ. "ನಮ್ಮೂರ ಹರಾಜಲ್ಲಿ ಬೇಡದ ದನಕ್ಕೆ ಬೆನ್ನು ತಟ್ಟಿ ವಾಪಸ್ ಕಳಿಸ್ತಾರೆ. ಈ ಮನುಷ್ಯ ಅದೂ ಮಾಡ್ಲಿಲ್ಲ."

ಅವಳು ನಗಿಸಲೆಂದೇ ಹೇಳಿದ್ದಳು. ಲೋರ್ನಾಗೆ ನಗು ಬರಲಿಲ್ಲ.

ಲೋರ್ನಾಗೆ ಮೂವತ್ತನಾಲ್ಕು ವರ್ಷ. ಡ್ರೈ ಫೋರ್ಕ್ ಶಾಲೆಯಲ್ಲಿ ಅವಳು ಮಕ್ಕಳ ಸಲಹೆಗಾರ್ತಿ. ಅಳುವ ಮಕ್ಕಳಿಗೆ ಕಾಗದದ ಕರವಸ್ತ್ರ ಕೊಡುವುದು, ಕಾಲೇಜಿನ ಅರ್ಜಿ ತುಂಬಿಸುವುದು ಅವಳ ಕೆಲಸ. ಕಳೆದ ಶರತ್ಕಾಲದಲ್ಲಿ ವಾಲಿಬಾಲ್ ಕೋಚ್ ಊರು ಬಿಟ್ಟುಹೋದ ಮೇಲೆ, ಆಡುವ ಮಕ್ಕಳನ್ನು ಕಾಲೇಜು ತಂಡಗಳಿಗೆ ಪರಿಚಯಿಸುವ ಕೆಲಸವೂ ಅವಳ ಕೊರಳಿಗೇ ಬಿತ್ತು. ತಿಂಗಳು ನಾಲ್ಕಾಗಿತ್ತು. ಏನೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಒಂದೇ. ಯಾವುದಾದರೂ ತಂಡ ಆರಿಸಿಕೊಂಡು ಓದಿನ ಖರ್ಚು ಹೊತ್ತರೆ ಜೋಸಿ ಮಾರೆಕ್ ಕಾಲೇಜಿಗೆ ಹೋಗುತ್ತಾಳೆ. ಇಲ್ಲದಿದ್ದರೆ ಹರಾಜು ಕಟ್ಟೆಯ ಪಕ್ಕದ ತಾಯಿಯ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಾಳೆ. ಮೂರನೆಯ ದಾರಿ ಇರಲಿಲ್ಲ.

ಆ ಕಾಲೇಜುಗಳ ಅರ್ಜಿಗಳಾದರೂ ಎಂಥವು... ಎತ್ತರ ಎಷ್ಟು, ಕೈ ಎತ್ತಿದರೆ ಎಷ್ಟು, ಹಾರಿದರೆ ಎಷ್ಟು. ತಾಯಿಯ ಎತ್ತರ ಎಷ್ಟು, ತಂದೆಯ ಎತ್ತರ ಎಷ್ಟು.

ತಳಿ ನೋಡುತ್ತಿದ್ದರು. ಅರ್ಜಿ ತುಂಬಿದ ದಿನವೆಲ್ಲ ಲೋರ್ನಾಗೆ ತನ್ನ ಬೆರಳುಗಳಿಗೆ ಏನೋ ಜಿಡ್ಡು ಅಂಟಿಕೊಂಡಂತೆ ಅನಿಸುತ್ತಿತ್ತು.

* * *

ಮುಂದಿನ ಬುಧವಾರ ಮಧ್ಯಾಹ್ನ. ವಿಲ್ಮಾ ಮಾರೆಕ್‌ಳ ಹೋಟೆಲು ರೈತರಿಂದ ತುಂಬಿತ್ತು. ಗೋಡೆಯಾಚೆಯಿಂದ ಹರಾಜು ಕೂಗುವವನ ದನಿ ಒಂದೇ ಸಮನೆ ಬರುತ್ತಿತ್ತು. ಲೋರ್ನಾ ಮೂಲೆಯ ಮೇಜಿನಲ್ಲಿ ಕೂತಿದ್ದಳು. ಬಾಗಿಲು ತೆರೆಯಿತು.

ಅವನೇ.

ಈ ಸಲ ನೇರಳೆ ಅಂಗಿ ಇರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನೇರವಾಗಿ ಅವಳ ಮೇಜಿಗೆ ಬಂದ.

"ಕೂತ್ಕೋಬಹುದಾ?"

"ನಿಮಗೆ ಮಾತು ಬರತ್ತಾ?" ಎಂದಳು ಲೋರ್ನಾ.

ಅವನು ಕೂತ. "ಆವತ್ತು ಮಾತಾಡೋ ಹಾಗಿರಲಿಲ್ಲ. ಹುಡುಗಿ ಪಂದ್ಯಾವಳಿಯ ಮಧ್ಯೆ ಇದ್ದಳು. ಅದು ಮುಗಿದು ಅವರ ತಂಡದೋರು ಅವಳನ್ನ ಮನೆಗೆ ಕಳಿಸೋ ತನಕ ನಾವು ಅವಳ ಹತ್ರಾಗ್ಲಿ, ಅವಳ ಕಡೆಯೋರ ಹತ್ರಾಗ್ಲಿ ಮಾತಾಡಬಾರದು. ನಿಯಮ ಅದು. ಯಾರಾದ್ರೂ ನೋಡಿದ್ರೆ ನನಗಿಂತ ಮೊದಲು ಅವಳಿಗೇ ಪೆಟ್ಟು."

"ಅಷ್ಟನ್ನ ಅಲ್ಲೇ ಹೇಳಿದ್ರೆ ಆಗ್ತಿತ್ತಲ್ಲ."

"ಹೇಳಿದ್ರೆ ಅದೂ ಮಾತೇ."

ವಿಲ್ಮಾ ಬಂದು, ಏನು ಬೇಕೆಂದು ಕೇಳದೆಯೇ, ರಾಜ್ಮಾ ಕಾಳು-ಮಾಂಸದ ಬಿಸಿ ಗಟ್ಟಿ ಸಾರು ಚಿಲ್ಲಿಯ ಬಟ್ಟಲನ್ನೂ ಪಕ್ಕದಲ್ಲಿ ಸಕ್ಕರೆ ಪಾಕ ಸುರಿಯುವ ದಾಲ್ಚಿನ್ನಿ ರೋಲನ್ನೂ ಅವನ ಮುಂದಿಟ್ಟಳು.

"ಇದನ್ನ ಇದರ ಜೊತೆ ತಿಂತೀರಾ?" ಎಂದ ಅವನು.

"ಅದ್ದಿ ತಿಂತೀವಿ," ಎಂದಳು ವಿಲ್ಮಾ. "ಯಾವ ಊರಪ್ಪ ನಿಂದು?"

"ಒಹಾಯೊ."

"ಪಾಪ," ಎಂದು ಹೇಳಿ ಅವಳು ಒಳಗೆ ಹೋದಳು.

ಲೋರ್ನಾಳ ತುಟಿಯಂಚಿಗೆ ಬಂದ ನಗು ಅಲ್ಲೇ ನಿಂತಿತು. "ಸರಿ. ಪಂದ್ಯದ ದಿನ ಮಾತಾಡೋ ಹಾಗಿರಲಿಲ್ಲ. ಪತ್ರಕ್ಕೇನಾಗಿತ್ತು?"

ಅವನು ಚಮಚ ಕೆಳಗಿಟ್ಟ. "ಪತ್ರದಲ್ಲಿ ಎತ್ತರ ಎಷ್ಟು ಅಂತ ಬರೆದಿದ್ರಿ?"

"ಐದು ಅಡಿ ಹತ್ತು ಇಂಚು."

"ನಿಜವಾಗ್ಲೂ ಎಷ್ಟಿದ್ದಾಳೆ?"

"ಐದು ಅಡಿ ಹತ್ತು ಇಂಚು."

ಅವನು ಅವಳನ್ನೇ ನೋಡಿದ. ಕಳೆದ ಶತಮಾನದ ನಾಣ್ಯ ಯಾರೋ ಅಂಗೈಗೆ ಇಟ್ಟಂತಿತ್ತು ಆ ನೋಟ.

"ಇದ್ದದ್ದನ್ನೇ ಬರೆದ್ರಾ?"

"ಮತ್ತೇನು ಬರೀಬೇಕಿತ್ತು?"

"ಎಲ್ಲರೂ ಎರಡು ಇಂಚು ಸೇರಿಸಿ ಬರೀತಾರೆ. ಕ್ಲಬ್‌ನೋರು, ಅಪ್ಪ ಅಮ್ಮ, ಶಾಲೆಯೋರು, ಎಲ್ಲರೂ. ಅದು ನಮಗೂ ಗೊತ್ತು. ಅದಕ್ಕೆ ಓದುವಾಗ ನಾವು ಎರಡು ಕಳೀತೀವಿ. ನಿಮ್ಮ ಹುಡುಗಿ ನಮ್ಮ ಪಟ್ಟೀಲಿ ಐದು ಎಂಟಾದಳು. ನೆಟ್ ಮುಂದೆ ನಿಂತು ಎದುರಿನೋರ ಚೆಂಡು ಬ್ಲಾಕ್ ಮಾಡೋಳು ಐದು ಎಂಟು ಅಂದ್ರೆ ಪತ್ರ ಅಲ್ಲೇ ನಿಲ್ಲತ್ತೆ. ಮುಂದೆ ಯಾರೂ ಓದಲ್ಲ."

ಗೋಡೆಯಾಚೆ ಹರಾಜಿನವನು ಯಾವುದೋ ಕರುವಿಗೆ ಕೊನೆಯ ಕೂಗು ಕೂಗಿದ.

ಲೋರ್ನಾ ಕಾಫಿ ಲೋಟ ಕೆಳಗಿಟ್ಟಳು. 'ನಿಜ ಬರೆದದ್ದಕ್ಕೆ ಮಗು ಎರಡು ಇಂಚು ಕುಳ್ಳಾಯಿತು...'

"ಅಂದ್ರೆ ನಾನು ಸುಳ್ಳು ಬರೀಬೇಕು."

"ನಾನು ಹಾಗೆ ಹೇಳಲಿಲ್ಲ."

"ಹೇಳೋದು ಬೇಡ ಬಿಡಿ. ಬಾಗಿಲು ತೆಗೆದಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದೀರಿ. ಅದು ನಿಮಗೆ ಚೆನ್ನಾಗಿ ಬರತ್ತೆ." ಅವಳು ಎದ್ದು ಕೋಟು ಹಾಕಿಕೊಂಡಳು. "ಮಕ್ಕಳನ್ನ ಅಳೆಯೋರು, ಸುಳ್ಳು ಅಂತ ಗೊತ್ತಿದ್ದೂ ಸುಳ್ಳು ಕೇಳೋರು. ನಿಮ್ಮನ್ನೆಲ್ಲ ನೋಡಿದ್ರೆ ಹೇಸಿಗೆ ಆಗತ್ತೆ ನಂಗೆ."

ಅವನು ಬಟ್ಟಲಿನತ್ತ ನೋಡಿದ.

"ನಂಗೂ ಆಗತ್ತೆ," ಎಂದ. "ಸುಮಾರು ದಿನ."

ಆ ದನಿ ಅವಳ ಜೊತೆ ಬಾಗಿಲ ತನಕ ಬಂತು. ಅವನು ಹೋದ ಮೇಲೆ ಮೇಜು ಒರೆಸಿದ ವಿಲ್ಮಾ, ಸಂಜೆ ಲೋರ್ನಾಗೆ ಹೇಳಿದಳು: "ಮುಖ ಕಿವಿಚಿದ್ದೇನೋ ಸರಿ. ಬಟ್ಟಲು ಮಾತ್ರ ನೆಕ್ಕಿ ಹೋಗಿದ್ದಾನೆ."

* * *

ಶುಕ್ರವಾರ ಶಾಲೆ ಬಿಟ್ಟ ಮೇಲೆ ಲೋರ್ನಾ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು.

ಅರ್ಜಿ ತೆರೆದಳು. ಐದು ಅಡಿ ಹತ್ತು ಇಂಚು. ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಅಳಿಸಿದಳು.

ಆರು ಅಡಿ ಎಂದು ಬರೆದಳು.

ಹದಿನಾಲ್ಕು ಕಾಲೇಜುಗಳಿಗೆ ಕಳಿಸಿದಳು. ಆಮೇಲೆ ಹೋಗಿ ಕೈ ತೊಳೆದಳು. ಸೋಪು ಹಾಕಿ, ಎರಡು ಸಲ.

ಒಂಬತ್ತೇ ದಿನದಲ್ಲಿ ಐದು ಉತ್ತರ ಬಂದವು. ಅವರು ಎರಡು ಇಂಚು ಕಳೆದಾಗ ಹುಡುಗಿ ತನ್ನ ಎತ್ತರಕ್ಕೆ ತಾನು ಬಂದು ನಿಂತಿದ್ದಳು, ಅಷ್ಟೇ. ಯಾರಿಗೂ ಮೋಸವಾಗಲಿಲ್ಲ ಎಂದು ಲೋರ್ನಾ ತನಗೆ ತಾನೇ ಹೇಳಿಕೊಂಡಳು. ವಿಲ್ಮಾ ಅಡುಗೆಯ ಏಪ್ರನ್‌ನಿಂದ ಕಣ್ಣೊರೆಸಿಕೊಂಡು, "ನಿನ್ನ ಕೈ ಚಿನ್ನ ಕಣೇ ಲೋರ್ನಾ," ಎಂದಾಗ ಆ ಕೈಯನ್ನು ಅವಳು ಕೋಟಿನ ಜೇಬಿಗೆ ಹಾಕಿಕೊಂಡಳು.

ಐದರಲ್ಲಿ ಒಂದು ಉತ್ತರ ಕೂಲ್ಟರ್ ಸ್ಟೇಟಿನದು. ಮುಖ್ಯ ಕೋಚ್ ಬರೆದಿದ್ದ: ನಮ್ಮ ಡಾಲ್‌ಬರ್ಗ್ ಬಂದು ಹುಡುಗಿಯನ್ನು ನೋಡುತ್ತಾನೆ.

ಅವನು ಏಪ್ರಿಲ್‌ನಲ್ಲಿ ಬಂದ. ಶಾಲೆಯ ಅಂಕಣದ ಕಟ್ಟೆಯ ಮೇಲೆ ಕೂತು, ಎರಡು ಗಂಟೆ ಜೋಸಿಯ ಆಟ ನೋಡಿದ. ಪುಸ್ತಕ ತೆರೆಯಲಿಲ್ಲ. ಅವನು ನೋಡುತ್ತಿದ್ದದ್ದು ಅವಳ ಪಾದಗಳನ್ನು ಎಂದು ಲೋರ್ನಾ ಗಮನಿಸಿದಳು. ಆಟ ಮುಗಿದ ಮೇಲೆ ಜೇಬಿನಿಂದ ಬಡಗಿಗಳ ಅಳತೆ ಪಟ್ಟಿ ತೆಗೆದ.

"ಶೂ ಬಿಚ್ಚಮ್ಮ. ನಾನು ನೋಡೋಕೆ ಹೋದ ಹುಡುಗೀನ ನಾನೇ ಅಳೀತೀನಿ. ಅಭ್ಯಾಸ."

ಜೋಸಿ ಚೆಂಡು ಇಡುವ ಕೋಣೆಯ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ವೆಸ್ ಅವಳ ತಲೆಯ ಮೇಲೆ ಪುಸ್ತಕವಿಟ್ಟು, ಮರದ ಮೇಲೆ ಪೆನ್ಸಿಲ್ ಗೀಟು ಎಳೆದ. ಪಟ್ಟಿ ಹಿಡಿದ. ಓದಿದ.

ತಲೆಯೆತ್ತಿ ಲೋರ್ನಾಳನ್ನು ನೋಡಿದ.

'ಹೇಳು. ಬೈಯಿ. ಆವತ್ತು ನಾನು ಬೈದ ಹಾಗೆ.'

"ಎಷ್ಟು ಕೋಚ್?" ಎಂದಳು ಜೋಸಿ.

"ಸಾಕಾಗುವಷ್ಟು," ಎಂದು ಅವನು ಪಟ್ಟಿ ಸುತ್ತಿ ಜೇಬಿಗಿಟ್ಟ. "ಕೂದಲು ಒದ್ದೆಯಾಗಿದೆ, ಹೋಗು. ನೆಗಡಿ ಆಗತ್ತೆ."

ಅವಳು ಹೋದ ಮೇಲೆ ಅವನು ಕೇಳಿದ್ದು ಬೇರೆಯೇ. "ಎಡಗಾಲಿಂದ ಹಾರ್ತಾಳೆ. ಅಷ್ಟು ಬೇಗ ಯಾರೂ ಹಾರಲ್ಲ. ಯಾರು ಕಲಿಸಿದ್ದು?"

"ಕರುಗಳು. ಚಿಕ್ಕವಳಿದ್ದಾಗಿಂದ ಹರಾಜು ಕಟ್ಟೇಲಿ ಆಡಿದ್ದಾಳೆ. ಕರು ನುಗ್ಗಿದ್ರೆ ಬೇಲಿ ಹತ್ತೋಕೆ ಟೈಮ್ ಇರಲ್ಲ, ಹಾರ್ಬೇಕು."

ಅವನು ನಕ್ಕ. ಬಹಳ ದಿನದಿಂದ ನಕ್ಕಿರದವನ ನಗು. ಇಂಚಿನ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಅವರಿಬ್ಬರ ನಡುವಿನ ಮೌನ ಅಲ್ಲಿ ಶುರುವಾಯಿತು.

* * *

ಆಮೇಲೆ ಅವನು ಭಾನುವಾರ ಮಧ್ಯಾಹ್ನಗಳಲ್ಲಿ ಫೋನ್ ಮಾಡತೊಡಗಿದ. ಮೊದಮೊದಲು ಜೋಸಿಯ ಅಂಕಗಳ ಬಗ್ಗೆ. ಬರಬರುತ್ತಾ, ಅವನಿಗೆ ನಿದ್ದೆ ಬಾರದ ಹೋಟೆಲ್ ಕೋಣೆಗಳ ಬಗ್ಗೆ, ಅವಳ ತಂದೆ ಸತ್ತ ವರ್ಷದ ಹಿಮದ ಬಗ್ಗೆ.

ಜೂನ್‌ನಲ್ಲಿ ಒಂದು ದಿನ ಖಾಲಿ ಹರಾಜು ಕಟ್ಟೆಯ ಬೇಲಿಯ ಮೇಲೆ ಅಕ್ಕಪಕ್ಕ ಕೂತಿದ್ದರು. ಅವಳ ತೋಳಿಗೆ ಅಂಟಿದ ಹುಲ್ಲುಕಡ್ಡಿಯನ್ನು ಅವನು ತೆಗೆದ. ತೆಗೆದ ಮೇಲೂ ಬೆರಳು ಒಂದು ಕ್ಷಣ ಅಲ್ಲೇ ಇತ್ತು.

'ಈಗ ಹೇಳಿಬಿಡಲಾ? ನಾನೂ ಸೇರಿಸಿದೆ ಅಂತ...'

"ಲೋರ್ನಾ, ಏನಾದ್ರೂ ಹೇಳ್ಬೇಕು ಅನಿಸ್ತಿದೆಯಾ?"

ಅವಳು ಖಾಲಿ ಕಟ್ಟೆಯತ್ತ ತಿರುಗಿದಳು. "ಇಲ್ಲ."

ಅವನು ತಲೆಯಾಡಿಸಿದ. ಕಡ್ಡಿಯನ್ನು ಬೆರಳಲ್ಲಿ ಮುರಿಯುತ್ತಾ ಕೂತ. ಹೇಸಿಗೆ ಎಂದು ಯಾವ ಬಾಯಲ್ಲಿ ಬೈದಿದ್ದಳೋ ಅದೇ ಬಾಯಿ ಈಗ ಹೊಲಿದುಕೊಂಡಿತ್ತು. ಅವನ ಪಕ್ಕದಲ್ಲಿ ಕೂತಾಗ ಸಿಗುವ ಸುಖದ ಅಡಿಯಲ್ಲಿ, ಬಟ್ಟಲಿನ ತಳದ ಸೀದ ರುಚಿಯ ಹಾಗೆ, ಅವಳಿಗೆ ತನ್ನದೇ ಅಸಹ್ಯ ನಾಲಗೆಗೆ ತಾಗುತ್ತಿತ್ತು.

ಆಗಸ್ಟ್‌ನಲ್ಲಿ ಕೂಲ್ಟರ್‌ನ ಮುಖ್ಯ ಕೋಚ್ ಫೋನಿನಲ್ಲಿ ಮಾತು ಕೊಟ್ಟ. ಜೋಸಿಗೆ ತಂಡದಲ್ಲಿ ಜಾಗ, ಓದಿನ ಖರ್ಚು ಪೂರ್ತಿ ಕಾಲೇಜಿನದು. ಕರಾರಿಗೆ ಸಹಿ ನವೆಂಬರಿನಲ್ಲಿ, ಎಲ್ಲ ಕಡೆಯ ಮಕ್ಕಳೂ ಸಹಿ ಹಾಕುವ ದಿನ. ಅಲ್ಲಿಯ ತನಕ ಬಾಯಿಮಾತು. ವೆಸ್ ಮಾತ್ರ ಒಮ್ಮೆ ಹೇಳಿದ: "ಉಳಿದ ನಾಲ್ಕು ಕಾಲೇಜಿಗೂ ಪತ್ರ ಬರೀತಾ ಇರಿ."

"ಯಾಕೆ? ನಿಮ್ಮೋರ ಮಾತಿನ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಅವನು ಜೋಸಿಯ ಅಂಕಗಳ ಮಾತಿಗೆ ಹೊರಳಿದ.

* * *

ಸಹಿಯ ದಿನಕ್ಕೆ ಒಂಬತ್ತು ದಿನ ಇರುವಾಗ ಕೂಲ್ಟರ್‌ನಿಂದ ನಾಲ್ಕು ಸಾಲಿನ ಪತ್ರ ಬಂತು.

'ನಮ್ಮ ತಂಡದ ಅಗತ್ಯ ಬದಲಾಗಿದೆ. ಬೇರೆ ಕಾಲೇಜಿನಿಂದ ಆರಡಿ ಮೂರಿಂಚಿನ ಆಟಗಾರ್ತಿ ನಮ್ಮಲ್ಲಿಗೆ ಬರುತ್ತಿದ್ದಾಳೆ. ಜೋಸಿಯ ನಿಜವಾದ ಎತ್ತರವೂ ನಮ್ಮ ಗಮನಕ್ಕೆ ಬಂದಿದೆ. ಅವಳಿಗೆ ಶುಭವಾಗಲಿ.'

ಜೋಸಿ ಅದನ್ನು ಲೋರ್ನಾಳ ಕೋಣೆಯಲ್ಲಿ ನಿಂತುಕೊಂಡೇ ಓದಿದಳು. ಏನೂ ಹೇಳದೆ ಹೊರಗೆ ಹೋದಳು. ಪಕ್ಕದ ಶೌಚಾಲಯದಿಂದ ವಾಂತಿಯ ಸದ್ದು ಕೇಳಿಸಿತು.

ಹೋಟೆಲಿನಲ್ಲಿ ವಿಲ್ಮಾ ನೇರಳೆ ಬಣ್ಣದ ಕೇಕಿಗೆ ಆಗಲೇ ಹೇಳಿಯಾಗಿತ್ತು.

'ನಿಜವಾದ ಎತ್ತರ...' ಅದನ್ನು ಪಟ್ಟಿ ಹಿಡಿದು ಓದಿದವನು ಒಬ್ಬನೇ. ಏಪ್ರಿಲ್‌ನಲ್ಲಿ ಓದಿ, ಜೇಬಿಗೆ ಹಾಕಿಕೊಂಡಿದ್ದ. ಭಾನುವಾರಗಳಲ್ಲಿ ಅವಳ ಜೊತೆ ಮಾತಾಡುತ್ತಾ, ಹುಲ್ಲುಕಡ್ಡಿ ತೆಗೆಯುತ್ತಾ, ಬೇಕಾದ ದಿನಕ್ಕೆಂದು ಕಾದಿರಿಸಿದ್ದ. ಅವನು ಮುಟ್ಟಿದ್ದ ತೋಳನ್ನು ಲೋರ್ನಾ ಇನ್ನೊಂದು ಕೈಯಿಂದ ಉಜ್ಜಿದಳು.

ಅಷ್ಟರಲ್ಲಿ ಶಾಲೆಯ ಕಚೇರಿಯ ಓಪಲ್ ಬಾಗಿಲಲ್ಲಿ ತಲೆ ಹಾಕಿದಳು. ಅರವತ್ತು ದಾಟಿದ ಹೆಂಗಸು, ಇಡೀ ಶಾಲೆಗೆ ಅತ್ತೆ.

"ನಿನ್ನ ಡಾಲ್‌ಬರ್ಗ್ ಫೋನಲ್ಲಿದ್ದಾನೆ."

"ನಾನಿಲ್ಲ ಅನ್ನಿ."

ಮರುದಿನವೂ ಮಾಡಿದ. ಅದರ ಮರುದಿನವೂ. ಓಪಲ್ ಪ್ರತಿ ಸಲ ಗುಲಾಬಿ ಚೀಟಿಯಲ್ಲಿ ನಂಬರು ಬರೆದು ತಂದಳು. ಲೋರ್ನಾ ಪ್ರತಿ ಸಲ ಕಸದಬುಟ್ಟಿಗೆ ಹಾಕಿದಳು.

"ಮೂರು ದಿನ ಆಯ್ತು. ಸತ್ತೋದ್ಲು ಅನ್ಲಾ?"

"ಅನ್ನಿ."

ಆ ಮಧ್ಯಾಹ್ನ ಅವಳು ಜೋಸಿಯನ್ನು ಕರೆದು ಕೂರಿಸಿದಳು. ಬಾಗಿಲು ಹಾಕಿದಳು. ಹೇಳಿದಳು. ಮಾರ್ಚ್ ತಿಂಗಳ ಶುಕ್ರವಾರ, ಅಳಿಸಿದ ಅಂಕಿ, ಬರೆದ ಅಂಕಿ. "ತಪ್ಪು ನಿಂದಲ್ಲ ಜೋಸಿ. ನಂದು."

ಜೋಸಿ ಉಗುರು ನೋಡಿಕೊಳ್ಳುತ್ತಿದ್ದಳು.

"ನನ್ನ ಎತ್ತರ ನಂಗೊತ್ತಿಲ್ವಾ ಮಿಸ್? ಆರಡಿ ಅಂತ ನೀವು ಬರೆದಿದ್ದನ್ನ ಯಾವತ್ತೋ ನೋಡಿದ್ದೆ. ಸುಮ್ನಿದ್ದೆ."

"ಯಾಕೆ?"

"ಅವರಿಗೆಲ್ಲ ನಾನು ಸಾಲಲ್ಲ ಅನ್ನೋದು ನಂಗೆ ಅಭ್ಯಾಸ ಆಗಿತ್ತು." ಅವಳು ತಲೆ ಎತ್ತಿದಳು. "ನಿಮಗೂ ಸಾಲಲಿಲ್ಲ ಅಂತ ಗೊತ್ತಾದಾಗ ಏನು ಹೇಳ್ಬೇಕೋ ತಿಳೀಲಿಲ್ಲ."

ಕರವಸ್ತ್ರದ ಡಬ್ಬಿ ಮೇಜಿನ ಮೇಲೆ ಇಬ್ಬರ ಮಧ್ಯೆ ಇತ್ತು. ಈ ಸಲ ಅದನ್ನು ಹುಡುಗಿಯೇ ಲೋರ್ನಾಳತ್ತ ತಳ್ಳಿದಳು.

* * *

ಅಂದೇ ಲೋರ್ನಾ ಉಳಿದ ನಾಲ್ಕೂ ಕಾಲೇಜುಗಳಿಗೆ ಬರೆದಳು. 'ಜೋಸಿ ಮಾರೆಕ್ ಐದು ಅಡಿ ಹತ್ತು ಇಂಚು ಇದ್ದಾಳೆ. ಆರಡಿ ಎಂದು ಬರೆದವಳು ನಾನು. ಬರೆಯಲು ಅವಳು ಹೇಳಿರಲಿಲ್ಲ. ಅವಳನ್ನು ನೋಡುವುದಾದರೆ ಇದ್ದಷ್ಟೇ ನೋಡಿ.'

ಕಳಿಸಿದ ಮೇಲೆ, ಮಾರ್ಚ್ ತಿಂಗಳ ನಂತರ ಮೊದಲ ಸಲ, ಕೈ ತೊಳೆಯಬೇಕೆನಿಸಲಿಲ್ಲ.

ಮೂರು ಕಾಲೇಜುಗಳು ಬಾಯಿ ಬಿಡಲಿಲ್ಲ. ನಾಲ್ಕನೆಯದು ಸೌತ್ ಡಕೋಟಾದ ಒಂದು ಸಣ್ಣ ಕಾಲೇಜು. ಮೂರನೆಯ ದಿನ ಅಲ್ಲಿಯ ಕೋಚ್ ಫೋನ್ ಮಾಡಿದಳು. ಹೆಸರು ಮಾರ್ಗಿಟ್ ಹೋವ್ಲಾಂಡ್. ವಯಸ್ಸಾದ, ಗೊಗ್ಗರು ದನಿ.

"ಐದು ಹತ್ತು ಅಂತ ಪತ್ರ ಬರೆದಿದ್ದೀಯ. ನಂಗೆ ಅದು ಏಪ್ರಿಲ್‌ನಿಂದ ಗೊತ್ತಲ್ಲಮ್ಮ."

"ಯಾರು... ಯಾರು ಹೇಳಿದ್ರು?"

"ವೆಸ್ ಡಾಲ್‌ಬರ್ಗ್. ಆ ಹುಡುಗೀನ ಅಳೆದ ದಿನಾನೇ ಫೋನ್ ಮಾಡಿದ್ದ. 'ನಮ್ಮೋರು ಕೊನೇ ಗಳಿಗೇಲಿ ಕೈಬಿಟ್ರೂ ಬಿಟ್ಟಾರು, ನಿಮ್ಮಲ್ಲೊಂದು ಜಾಗ ನೆನಪಿಟ್ಕೊಳ್ಳಿ, ಎಡಗಾಲು ನೋಡಿ' ಅಂದ. ಕಾಗದದಲ್ಲಿ ಆರಡಿ ಇರತ್ತೆ, ಎರಡು ಕಳೀರಿ ಅಂದ. ಆಮೇಲೆ ಇನ್ನೊಂದು ಮಾತು ಹೇಳಿದ. ಹೇಳ್ಲಾ?"

"ಹೇಳಿ."

"'ಆದ್ರೆ ಬರೆದವಳ ಮರ್ಯಾದೇಲಿ ಏನೂ ಕಳೀಬೇಡಿ. ಅವಳು ಮೊದಲು ನಿಜಾನೇ ಬರೆದಿದ್ಲು. ನಾವು ಹನ್ನೊಂದು ಸಲ ಉತ್ತರ ಕೊಡಲಿಲ್ಲ. ಸುಳ್ಳು ಕಲಿಸಿದ್ದು ನಾವು' ಅಂತ."

ಲೋರ್ನಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಕೂಲ್ಟರ್‌ಗೆ ಎತ್ತರ ಹೇಳಿದ್ದು ಅವರೇ ಅಲ್ವಾ?"

"ಹೌದು, ಏಪ್ರಿಲ್‌ನಲ್ಲೇ ಹೇಳಿದ್ದ. ಹೇಳಿ, ಹುಡುಗಿಗೋಸ್ಕರ ಜಗಳಾನೂ ಆಡಿದ್ದ. ಅವರ ಮುಖ್ಯ ಕೋಚ್ ಎಲ್ಲ ತಿಳಿದೇ ಆಗಸ್ಟ್‌ನಲ್ಲಿ ಮಾತು ಕೊಟ್ಟ. ಈಗ ಉದ್ದದವಳು ಸಿಕ್ಕಿದ್ಲು, ನೆಪಕ್ಕೆ ಇಂಚು ಸಿಕ್ತು. ಆ ಪತ್ರ ಹೋದ ದಿನಾನೇ ವೆಸ್ ಕೆಲಸ ಬಿಟ್ಟ, ಗೊತ್ತಿಲ್ವಾ ನಿಂಗೆ? 'ಇನ್ನೊಂದು ಮಗೂನ ನಿಮಗೋಸ್ಕರ ಅಳೆಯಲ್ಲ' ಅಂತ ಅಳತೆ ಪಟ್ಟೀನ ಮೇಜಿನ ಮೇಲಿಟ್ಟು ಬಂದನಂತೆ. ನೀನು ಫೋನ್ ತಗೋತಿಲ್ಲ ಅಂತಾನೂ ಹೇಳಿದ. 'ಸರಿಯಾಗೇ ಮಾಡ್ತಿದ್ದಾಳೆ' ಅಂದ, ಪೆದ್ದ."

ಕಿಟಕಿಯ ಹೊರಗೆ ಒಣ ಜೋಳದ ಹೊಲ ಸುಮ್ಮನೆ ನಿಂತಿತ್ತು.

"ಜೋಸಿಯ ವಿಷಯ," ಎಂದಳು ಹೋವ್ಲಾಂಡ್. "ಓದಿನ ಖರ್ಚು ನಮ್ಮದು. ಊಟಕ್ಕೆ ಕಾಲೇಜಿನ ಅಡುಗೆಮನೇಲಿ ಬಡಿಸೋ ಕೆಲಸ ಮಾಡ್ಬೇಕಾಗತ್ತೆ. ನನ್ನ ಪಟ್ಟೀಲಿ ಐದು ಹತ್ತು ಅಂತಾನೇ ಬರೀತೀನಿ. ನಾನು ಬೇಡ ಅಂದ್ರೂ ಜನ ಅದನ್ನ ಐದು ಎಂಟು ಅಂತ ಓದ್ತಾರೆ. ಓದ್ಲಿ ಬಿಡು. ಅವಳು ಹಾರಿದಾಗ ಗೊತ್ತಾಗತ್ತೆ."

ಹೇಳಿದಾಗ ಜೋಸಿ ಕೇಳಿದ್ದು ಒಂದೇ ಮಾತು. "ಬಡಿಸೋ ಕೆಲಸಾನಾ? ಅದು ಹುಟ್ಟಿದಾಗಿಂದ ಮಾಡ್ತಿದೀನಿ." ಹಾಗೆಂದು ನಕ್ಕವಳು ಮರುಕ್ಷಣ ಲೋರ್ನಾಳ ಭುಜಕ್ಕೆ ಮುಖ ಒತ್ತಿ ಅತ್ತಳು.

ಲೋರ್ನಾ ಕಚೇರಿಗೆ ಹೋಗಿ ಓಪಲ್‌ಳ ಮೇಜಿನ ಮುಂದೆ ನಿಂತಳು. ಓಪಲ್ ತಲೆಯೆತ್ತದೆ ಡ್ರಾಯರ್ ಎಳೆದು, ಮೂರು ಗುಲಾಬಿ ಚೀಟಿಗಳನ್ನು ಮುಂದಿಟ್ಟಳು. ಒಂದರ ಮೇಲೆ ಕಾಫಿ ಕಲೆ ಇತ್ತು.

"ಕಸದಬುಟ್ಟೀಲಿ ಕೈ ಹಾಕಿ ತೆಗೆದಿದ್ದೀನಿ. ನಿನ್ನ ಬುದ್ಧಿ ಗೊತ್ತಿಲ್ವಾ ನಂಗೆ?"

ವೆಸ್ ಫೋನ್ ತೆಗೆಯಲಿಲ್ಲ. ಸಂದೇಶ ಹಿಡಿಯುವ ಯಂತ್ರ ಬೀಪ್ ಎಂದಿತು. ಲೋರ್ನಾ ಉಸಿರೆಳೆದುಕೊಂಡಳು.

"ಬುಧವಾರ ಎರಡು ಗಂಟೆಗೆ ಜೋಸಿ ಸಹಿ ಹಾಕ್ತಾಳೆ. ಕೇಕ್ ಇರತ್ತೆ... ನಾನೂ ಇರ್ತೀನಿ."

* * *

ಬುಧವಾರ ಶಾಲೆಯ ಅಂಕಣದ ನಡುವೆ ಒಂದು ಮೇಜು, ಅದರ ಮೇಲೆ ಒಂದೇ ಟೋಪಿ. ದೊಡ್ಡ ಊರುಗಳ ಮಕ್ಕಳು ನಾಲ್ಕೈದು ಕಾಲೇಜುಗಳ ಟೋಪಿ ಸಾಲಾಗಿಟ್ಟು, ಎಲ್ಲರನ್ನೂ ಕಾಯಿಸಿ, ಒಂದನ್ನು ಎತ್ತಿ ತಲೆಗಿಟ್ಟುಕೊಳ್ಳುತ್ತಾರೆ. ಜೋಸಿ ಯಾರನ್ನೂ ಕಾಯಿಸಲಿಲ್ಲ. ಹಸಿರು ಟೋಪಿ ಹಾಕಿಕೊಂಡೇ ಒಳಗೆ ಬಂದು, ಕೂತು, ಸಹಿ ಹಾಕಿದಳು. ವಿಲ್ಮಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದಳು.

ಹಿಂದಿನ ಬಾಗಿಲ ಹತ್ತಿರ, ಕೋಟು ಬಿಚ್ಚದೆ, ಟೋಪಿ ಕೈಯಲ್ಲಿ ಹಿಡಿದು, ಅವನು ನಿಂತಿದ್ದ.

ಲೋರ್ನಾ ಎರಡು ತಟ್ಟೆಯಲ್ಲಿ ಕೇಕ್ ಹಾಕಿಕೊಂಡು ಅವನತ್ತ ನಡೆದಳು. ಚೆಂಡಿನ ಕೋಣೆಯ ಬಾಗಿಲ ಮುಂದೆ ಇಬ್ಬರೂ ನಿಂತರು. ಚೌಕಟ್ಟಿನ ಮೇಲೆ ಏಪ್ರಿಲ್‌ನ ಪೆನ್ಸಿಲ್ ಗೀಟು ಹಾಗೇ ಇತ್ತು.

"ಇದೇನು ಬಣ್ಣ?" ಎಂದ ಅವನು ಕೇಕ್ ನೋಡುತ್ತಾ.

"ನೇರಳೆ ಕೆರೆದು ಮೇಲೆ ಹಸಿರು ಬಳಿದಿದ್ದಾಳೆ ವಿಲ್ಮಾ. ಪೂರ್ತಿ ಹೋಗಲಿಲ್ಲ. ಪೆಟ್ಟು ಬಿದ್ದ ಜಾಗದ ಹಾಗಿದೆ. ಅಸಹ್ಯ. ಆದ್ರೂ ತಿನ್ನಿ."

ಅವನು ತಿಂದ. ಅವಳು ಗೀಟನ್ನೇ ನೋಡುತ್ತಿದ್ದಳು.

"ಆವತ್ತೇ ಗೊತ್ತಾಯ್ತಲ್ಲ ನಿಮಗೆ. ಯಾಕೆ ಕೇಳಲಿಲ್ಲ?"

"ನೀವಾಗೇ ಹೇಳ್ತೀರಿ ಅಂತ ಕಾದೆ."

"ನೀವು ಬೈತೀರಿ ಅಂತ ನಾನು ಕಾದೆ."

"ಏಳು ತಿಂಗಳು," ಎಂದ ಅವನು.

"ಏಳು ತಿಂಗಳು." ಅವಳ ಕಣ್ಣು ತುಂಬಿತು. "ಫೋನ್ ತಗೊಳ್ಳದೇ ಇದ್ದಿದ್ದು... ನಿಮ್ಮ ಮೇಲೆ ಹೇಸಿಗೆ ಅಂದ್ಕೊಂಡಿದ್ದೆ. ಅದು ಬರೀ ನನ್ನ ಮೇಲಿನದು ವೆಸ್. ನಿಮ್ಮ ತಲೆಗೆ ಕಟ್ಟಿದೆ. ಕ್ಷಮಿಸಿ."

"ನಾನೂ ಹೇಳ್ಬೇಕಿತ್ತು. ಹೋವ್ಲಾಂಡ್‌ಗೆ ಫೋನ್ ಮಾಡಿದ್ದು, ನಮ್ಮೋರ ಮೇಲೆ ಅನುಮಾನ ಇದ್ದಿದ್ದು, ಎಲ್ಲಾನೂ. ಮಾತಾಡಬಾರದು ಅನ್ನೋ ನಿಯಮದಲ್ಲೇ ಹದಿನೈದು ವರ್ಷ ಕಳೆದೆ. ಮಾತಾಡಬಹುದಾದ ಕಡೇನೂ ಮಾತು ಬರದೇ ಹೋಯ್ತು."

ಅಂಕಣದ ನಡುವೆ ಯಾರೋ ಚೆಂಡು ಎಸೆದರು. ಜೋಸಿ ಟೋಪಿ ಹಾಕಿಕೊಂಡೇ ಹಾರಿದಳು, ಎಡಗಾಲಿನಿಂದ.

"ಇನ್ನೇನು ಮಾಡ್ತೀರಿ?" ಎಂದಳು ಲೋರ್ನಾ.

"ನಿಮ್ಮ ಶಾಲೇಲಿ ವಾಲಿಬಾಲ್ ಕೋಚ್ ಜಾಗ ಒಂದು ವರ್ಷದಿಂದ ಖಾಲಿ ಇದೆಯಂತೆ. ಓಪಲ್ ಹೇಳಿದ್ರು."

"ಓಪಲ್ ಜೊತೆ ಅಷ್ಟೆಲ್ಲ ಮಾತಾಡಿದ್ದೀರಾ?"

"ಮೂರು ದಿನ ನೀವು ಸಿಗಲಿಲ್ವಲ್ಲ. ಅವರೇ ಸಿಕ್ಕಿದ್ದು. ಅರ್ಜಿ ಹಾಕ್ಲಾ?"

"ಅರ್ಜಿ ಮೊದಲು ನನ್ನ ಮೇಜಿಗೇ ಬರತ್ತೆ. ಇದ್ದದ್ದನ್ನ ಮಾತ್ರ ಬರೀಬೇಕು."

ಅವನು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ಜೂನ್‌ನಲ್ಲಿ ಹುಲ್ಲುಕಡ್ಡಿ ಇದ್ದ ಅದೇ ಜಾಗದಲ್ಲಿ, ಅವಳ ತೋಳಿನ ಮೇಲೆ, ಬೆರಳಿಟ್ಟ. ಈಗ ಅಲ್ಲಿ ತೆಗೆಯಲು ಏನೂ ಇರಲಿಲ್ಲ.

"ಲೋರ್ನಾ... ನಿನ್ನನ್ನ ತುಂಬಾ ತುಂಬಾ ಪ್ರೀತಿಸ್ತೀನಿ."

ಅವಳು ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು.

"ನಿಮ್ಮ ಕಡೆ ಎಲ್ಲದಕ್ಕೂ ಎರಡು ಸೇರಿಸಿ ಹೇಳೋ ಪದ್ಧತಿ ಅಲ್ವಾ?"

"ಹೌದು. ಕಳೆದು ನೋಡು."

ಅವಳು ತುಟಿಯಲ್ಲೇ ಎಣಿಸಿದಳು. ಒಂದು ತುಂಬಾ. ಇನ್ನೊಂದು ತುಂಬಾ.

"ಕಳೆದೆ. ಉಳಿದಿದ್ದು ಸಾಕು ನಂಗೆ."

"ನಿಂದು?"

ಅವಳು ಅವನ ಕೋಟಿಗೆ ಹಣೆ ಒರಗಿಸಿದಳು.

"ನಂಗೂ ನಿನ್ನ ಮೇಲೆ ಪ್ರೀತಿ ವೆಸ್. ಇದ್ದಷ್ಟೇ ಹೇಳ್ತಿದೀನಿ, ಸೇರಿಸಿಲ್ಲ. ನೀನು ಅಭ್ಯಾಸ ಬಲದಿಂದ ಏನೂ ಕಳೀಬೇಡ."